ಅಪ್‌ಡೇಟ್: ಪಾನ್ಸ್-ಬ್ರೂಕ್ಸ್ ಧೂಮಕೇತು ಕೊನೆಗೂ ಸಿಕ್ಕಿತು

ಕಾಂತಿಮಾನ (ಹೊಳಪಿನ ಅಳತೆ; ಅಂಕಿ ಕಡಿಮೆಯಾದಷ್ಟೂ ಹೊಳಪು ಜಾಸ್ತಿ) 5ರ ಹತ್ತಿರ ಇದೆ ಅಂತಾರೆ, ಕಾಸರಗೋಡಿನ ಕಡಲ ತೀರದಿಂದ ಬೈನಾಕ್ಯುಲರ್‌ನಲ್ಲೂ ಕಾಣಿಸ್ತಿಲ್ಲ, ಯಾಕೆ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

2024ರ ಮಾರ್ಚ್ 31ರ ಸಂಜೆ ತೀರದ ಮಬ್ಬು ಬಿಟ್ಟು ಬದಿಯಡ್ಕ ಕಡೆಯ ಎತ್ತರದ ಬಯಲಿಗೆ ಹೋದೆ. ಮೇಷ ರಾಶಿಯ ಹಮಾಲ್ ನಕ್ಷತ್ರದ ಪಕ್ಕದಲ್ಲೇ ಇತ್ತು. ಅರ್ಧ ಒರೆಸಿದ ಸೀಮೆಸುಣ್ಣದ ಚುಕ್ಕೆಯ ಹಾಗೆ. ಬಾಲ ಗೀಲ ಏನೂ ಕಾಣಲಿಲ್ಲ.

ಹೊಳಪಿನ ಲೆಕ್ಕವೇ ನನಗೆ ಜಾಸ್ತಿ ಖುಷಿ ಕೊಟ್ಟಿದ್ದು. 5 ಅನ್ನೋದು ಒಟ್ಟು ಬೆಳಕು. ಅದು ಇಡೀ ಮಸುಕಿನಲ್ಲಿ ಹರಡಿರುತ್ತದೆ, ಹಾಗಾಗಿ ಅದೇ ಕಾಂತಿಮಾನದ ನಕ್ಷತ್ರಕ್ಕಿಂತ ಮಂಕು ಅನಿಸುತ್ತದೆ. ನೀವು ಹೇಳಿದ ಹಾಗೆ ಬೈನಾಕ್ಯುಲರ್‌ನ ಫೋಕಸ್ ಕೆಡಿಸಿ, ಪಕ್ಕದ ನಕ್ಷತ್ರಗಳನ್ನು ಧೂಮಕೇತುವಿನಷ್ಟೇ ಅಗಲಕ್ಕೆ ಊದಿಸಿ ಹೋಲಿಸಿದೆ. ಅಷ್ಟೇ ಎತ್ತರದಲ್ಲಿರುವ ನಕ್ಷತ್ರಗಳನ್ನೇ ಆರಿಸಬೇಕು, ಇಲ್ಲದಿದ್ದರೆ ದಿಗಂತದ ಧೂಳು ಲೆಕ್ಕ ತಪ್ಪಿಸುತ್ತದೆ. ನನ್ನ ಅಂದಾಜು 5ರ ಆಸುಪಾಸು.

ಆಕಾಶ ನಕ್ಷೆಯ ಆ್ಯಪ್‌ಗೆ ಮೈನರ್ ಪ್ಲಾನೆಟ್ ಸೆಂಟರ್‌ನ (ಧೂಮಕೇತು, ಕ್ಷುದ್ರಗ್ರಹಗಳ ಲೆಕ್ಕ ಇಡುವ ಸಂಸ್ಥೆ) ಹೊಸ ಕಕ್ಷಾ ಅಂಕಿಗಳನ್ನೂ ಹಾಕಿಕೊಂಡೆ. ಮರುದಿನವೇ ಅದು ಹಮಾಲ್‌ನಿಂದ ದೂರ ಸರಿದಿತ್ತು!

ಆ ವರ್ಷದ ಏಪ್ರಿಲ್ 21ಕ್ಕೆ ಸೂರ್ಯನಿಗೆ ತೀರಾ ಹತ್ತಿರ ಬಂತು. ಮತ್ತೆ ಬರೋಕೆ ಅಲ್ಲಿಂದ ಸುಮಾರು 71 ವರ್ಷ ಕಾಯಬೇಕು.