ಕೋವಿ ದುರ್ಬೀನು: ‘ಸ್ಥಿರ’ ಅನ್ನಬೇಕಾ, ‘ನಾಲ್ಮಡಿ’ ಸಾಕಾ?

ಎಲ್ಲರಿಗೂ ನಮಸ್ಕಾರ. ಎರಡು ಪದಗಳ ವಿಷಯದಲ್ಲಿ ನಿಮ್ಮ ಸಹಾಯ ಬೇಕು.

ನನ್ನ ಅಕ್ಕನ ಮಗ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದ್ದಾನೆ. ಅಲ್ಲಿ ನವೆಂಬರ್ ಕೊನೆಗೆ ಒಂಬತ್ತು ದಿನ ಲೈಸೆನ್ಸ್ ಇರುವವರು ಕೋವಿ ಹಿಡಿದು ಜಿಂಕೆ ಬೇಟೆಗೆ ಹೋಗುತ್ತಾರೆ. ಕೋವಿಯ ಮೇಲೆ ಕೂರಿಸುವ ದುರ್ಬೀನು ಆರಿಸೋದು ಹೇಗೆ ಅಂತ ಅಲ್ಲಿನ ಕನ್ನಡದ ಗೆಳೆಯರಿಗಾಗಿ ಬರೆದು, ತಿದ್ದಿಕೊಡಿ ಅಂತ ನನಗೆ ಕಳಿಸಿದ್ದಾನೆ. ಯಾವಾಗಲೂ ಅಷ್ಟೇ ಪಟ್ಟು ದೊಡ್ಡದಾಗಿ ತೋರಿಸುವ ಫಿಕ್ಸೆಡ್ ಪವರ್‌ಗೆ ‘ಸ್ಥಿರ ದುರ್ಬೀನು’, ಪಟ್ಟನ್ನು ಹೆಚ್ಚು ಕಡಿಮೆ ಮಾಡಬಹುದಾದ ವೇರಿಯಬಲ್‌ಗೆ ‘ಬದಲಾಗುವ ದುರ್ಬೀನು’ ಅಂತ ಹಾಕಿದ್ದಾನೆ.

‘ಸ್ಥಿರ’ ಅಂದರೆ ಅಲುಗಾಡದಂತೆ ಬಿಗಿದದ್ದು ಅಂತ ನನಗೆ ಕೇಳಿಸುತ್ತದೆ. ಕೋವಿಗೆ ಎರಡನ್ನೂ ಹಾಗೇ ಬಿಗಿಯುತ್ತಾರೆ. ‘ಬದಲಾಗುವ’ ಅಂದರೆ ತಾನಾಗೇ ಬದಲಾಗುತ್ತದೆ ಅನ್ನಿಸುತ್ತದೆ, ಅಲ್ವಾ? ಅದು ತಾನಾಗಿ ಬದಲಾಗಲ್ಲ. ಕಣ್ಣಿನ ಕಡೆ ಇರುವ ಬಳೆಯನ್ನು ನಾವೇ ತಿರುಗಿಸಬೇಕು.

ಇದು ಬರೀ ಪದದ ತಕರಾರಲ್ಲ. ಅವನ ದುರ್ಬೀನಿನ ಮೇಲೆ 3-9×40 ಅಂತಿದೆ. ಮೂರರಿಂದ ಒಂಬತ್ತು ಪಟ್ಟು ತೋರಿಸುತ್ತದೆ, ಮುಂದಿನ ಗಾಜಿನ ಅಗಲ 40 ಮಿ.ಮೀ. ದೂರದ ಬಯಲು ನೋಡುತ್ತ ಬಳೆಯನ್ನು 9ಕ್ಕೆ ತಿರುಗಿಸಿ ಹಾಗೇ ಬಿಟ್ಟಿದ್ದ. ಮುಸ್ಸಂಜೆಗೆ ಜಿಂಕೆ ಮೂವತ್ತೇ ಗಜದಲ್ಲಿ ಬಂದು ನಿಂತಿತು. 9ರಲ್ಲಿ ಅಷ್ಟು ಹತ್ತಿರಕ್ಕೆ ನಾಲ್ಕಡಿ ಅಗಲ ಕಂಡರೆ ಹೆಚ್ಚು. ದುರ್ಬೀನಿನ ತುಂಬ ಬೂದು ಕೂದಲು. ಹೆಗಲೋ ತೊಡೆಯೋ ಗೊತ್ತಾಗಲಿಲ್ಲ. ಅವನು ಕೋವಿಯ ಕುದುರೆ (ಟ್ರಿಗರ್) ಒತ್ತಲಿಲ್ಲ, ಒಳ್ಳೆಯದೇ ಮಾಡಿದ. ಬಳೆ ತಿರುಗಿಸುವಷ್ಟರಲ್ಲಿ ಜಿಂಕೆ ಪೊದೆ ಸೇರಿತ್ತು. ಯಾವಾಗಲೂ ನಾಲ್ಕು ಪಟ್ಟೇ ತೋರಿಸುವ ದುರ್ಬೀನಾಗಿದ್ದರೆ ತಿರುಗಿಸುವ ಮಾತೇ ಇರಲಿಲ್ಲ. ದಟ್ಟ ಕಾಡಿಗೆ ಅದೇ ಸಾಕು, ಬಯಲಿದ್ದರೆ ಮಾತ್ರ ಬಳೆಯದ್ದು ತಗೊಳ್ಳಿ, ಅದನ್ನೂ ಸಣ್ಣ ಅಂಕಿಯಲ್ಲೇ ಇಟ್ಟುಕೊಳ್ಳಿ ಅಂತ ಅವನು ಬರೆದಿರುವುದು ಇದಕ್ಕೇ.

ಬೆಳಕಿನ ಲೆಕ್ಕವೂ ಇದೆ. 40ನ್ನು 9ರಿಂದ ಭಾಗಿಸಿದರೆ ಕಣ್ಣಿಗೆ ಬರುವ ‘ಬೆಳಕಿನ ಬಿಲ್ಲೆ’ 4.4 ಮಿ.ಮೀ., 4ರಿಂದಾದರೆ 10. ಕತ್ತಲಲ್ಲಿ ಎಳೆಯರ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ತೆರೆದುಕೊಳ್ಳುತ್ತದೆ. 9ರಲ್ಲಿ ಬಿಲ್ಲೆ ಅದಕ್ಕಿಂತ ಚಿಕ್ಕದು, ಹಾಗಾಗಿ ಮುಸ್ಸಂಜೆಗೆ ಮಂಕಾಗಿ ಕಾಣುತ್ತದೆ. ಎಕ್ಸಿಟ್ ಪ್ಯೂಪಿಲ್‌ಗೆ ಈ ‘ಬೆಳಕಿನ ಬಿಲ್ಲೆ’ ಅವನೇ ಮಾಡಿದ ಪದ. ಕೋವಿಯಿಂದ ಬಿಚ್ಚಿದ ದುರ್ಬೀನನ್ನು ಕೈಚಾಚಿ ಹಿಡಿದು ನೋಡಿ, ನಿಜಕ್ಕೂ ಪುಟ್ಟ ಬಿಲ್ಲೆಯೇ ಕಾಣುತ್ತದೆ. ಆ ಪದವನ್ನು ನಾನು ತಿದ್ದಲಿಲ್ಲ.

‘ಒಂದೇ ಪಟ್ಟಿನ ದುರ್ಬೀನು’ ಅಂತ ತಿದ್ದಿ ನೋಡಿದೆ. ಆದರೆ ಒಂದು ಪಟ್ಟು ಅಂದರೆ ಇದ್ದಷ್ಟೇ ತೋರಿಸೋದು! ‘ಜೂಮ್ ಇಲ್ಲದ್ದು’ ಅಂದರೂ ಓದುವವರು ಹಾಗೇ ತಿಳಿಯಬಹುದು.

ಕೊನೆಗೆ ‘ನಾಲ್ಮಡಿ ದುರ್ಬೀನು’ ಹಿಡಿಸಿತು. ಒಂದೇ ಅಂಕಿ ಹೇಳಿದ ಮೇಲೆ ‘ಸ್ಥಿರ’ ಯಾಕೆ ಬೇಕು? ಇನ್ನೊಂದಕ್ಕೆ ‘ತಿರುಬಳೆ ದುರ್ಬೀನು’. ಒಂದೇ ಅನುಮಾನ: ಇಮ್ಮಡಿ ಪುಲಿಕೇಶಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಅಂದಾಗ ಎರಡನೆಯ, ನಾಲ್ಕನೆಯ ಅಂತ ಅರ್ಥ. ನಾಲ್ಮಡಿ ಅಂದಾಗ ನಿಮ್ಮ ಕಿವಿಗೆ ‘ನಾಲ್ಕು ಪಟ್ಟು’ ಅಂತ ಕೇಳುತ್ತದಾ, ‘ನಾಲ್ಕನೆಯದು’ ಅಂತಲಾ?

ಮಲೆನಾಡು, ಕೊಡಗಿನವರಿಗೆ ಇನ್ನೊಂದು ಕೇಳಿಕೆ. ಕೇಪಿನ ಕೋವಿ, ತೋಟಾ ಕೋವಿ, ಈಡುಗಾರ, ಮರಸು, ಹೀಗೆ ಬೇಟೆಯ ಮಾತು ನಮ್ಮಲ್ಲಿ ಬೇಕಾದಷ್ಟಿದೆ. 1972ರ ವನ್ಯಜೀವಿ ಕಾಯಿದೆಯಿಂದ ಬೇಟೆಗೆ ತಡೆ ಬಿತ್ತು. ಅದಕ್ಕೂ ಮೊದಲು ಯಾರಾದರೂ ಕೋವಿಗೆ ದುರ್ಬೀನು ಕಟ್ಟಿದ್ದನ್ನು ನಿಮ್ಮ ಮನೆಯ ಹಿರಿಯರು ನೋಡಿದ್ದರೆ, ಅದನ್ನು ಏನಂತ ಕರೆಯುತ್ತಿದ್ದರು?