ಮರು: ತುರ್ತು – ಪೋಸ್ಟರ್‌ಗೆ ರೀಇನ್‌ಫೋರ್ಸ್‌ಮೆಂಟ್, ವೇರಿಯಬಿಲಿಟಿ ಪದಗಳು ಬೇಕು

> ಪಾರಿವಾಳ, ಡಾಲ್ಫಿನ್ ಪ್ರಯೋಗಗಳ ಪೋಸ್ಟರ್ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ರೀಇನ್‌ಫೋರ್ಸ್‌ಮೆಂಟ್ (ಬಹುಮಾನ ಕೊಟ್ಟು ಒಂದು ವರ್ತನೆಯನ್ನು ಬಲಪಡಿಸುವುದು), ವೇರಿಯಬಿಲಿಟಿ (ವರ್ತನೆ ಬಗೆಬಗೆಯಾಗಿರುವುದು) ಎರಡಕ್ಕೂ ಕನ್ನಡ ಬೇಕು. "ಬಹುಮಾನದಿಂದ ವರ್ತನೆಯ ಚಂಚಲತೆ ಹೆಚ್ಚುತ್ತದೆ" ಅಂತ ಹಾಕಬಹುದೇ?

ಬೇಡ ಮೇಡಂ. ಎರಡು ಪದವೂ ಸರಿಯಿಲ್ಲ, ನಡುವಿನ "ಇಂದ" ಕೂಡ ತಪ್ಪು.

ಚಂಚಲತೆ ಅಂದ್ರೆ ನಮ್ಮಲ್ಲಿ ದೋಷ. ನಿಮ್ಮ ಪಾರಿವಾಳಗಳಲ್ಲಿ ದೋಷ ಏನಿದೆ? ಮನೋವಿಜ್ಞಾನಿಗಳಾದ ಪೇಜ್ ಮತ್ತು ನ್ಯೂರಿಂಗರ್ 1985ರಲ್ಲಿ ಪ್ರಕಟಿಸಿದ ಪ್ರಯೋಗ ತಾನೆ ಅದು? ಎದುರಿಗೆ ಎರಡು ಗುಂಡಿ, ಎಡಕ್ಕೊಂದು ಬಲಕ್ಕೊಂದು. ಹಕ್ಕಿ ಎಂಟು ಸಲ ಕುಕ್ಕಬೇಕು. ಎಡ-ಬಲ ಸೇರಿ 256 ಬಗೆಯ ಸಾಲು ಸಾಧ್ಯ. ಕೊನೆಕೊನೆಗೆ ನಿಯಮ ಎಷ್ಟು ಬಿಗಿಯಾಯಿತೆಂದರೆ, ಹಿಂದಿನ 50 ಸಾಲುಗಳಲ್ಲಿ ಬಾರದ ಸಾಲಿಗೆ ಮಾತ್ರ ಕಾಳು. ಆಗಲೂ ಹಕ್ಕಿಗಳು ಅರ್ಧಕ್ಕಿಂತ ಜಾಸ್ತಿ ಸಲ ಗೆದ್ದವು.

ಆಮೇಲೆ ಆ ನಿಯಮ ತೆಗೆದರು. ಕಾಳು ಮೊದಲಿನಷ್ಟೇ ಸಿಗುತ್ತಿತ್ತು, ಆದರೆ ಸಾಲು ಹೇಗಿದ್ದರೂ ನಡೆಯುತ್ತಿತ್ತು. ಹಕ್ಕಿಗಳು ಅವೇ ಕೆಲವು ಸಾಲುಗಳಿಗೆ ಅಂಟಿಕೊಂಡವು. ಬಹುಮಾನ ಅಷ್ಟೇ ಇದೆ, ಬಗೆ ಕಡಿಮೆಯಾಯಿತು. ಹಾಗಿರುವಾಗ "ಬಹುಮಾನದಿಂದ ಹೆಚ್ಚಿತು" ಅಂತ ಹೇಗೆ ಬರೆಯುತ್ತೀರಿ? ಕಾಳು ಯಾವುದಕ್ಕೆ ಸಿಕ್ಕಿತು ಅನ್ನುವುದೇ ಇಲ್ಲಿ ಮುಖ್ಯ. ಕನ್ನಡದಲ್ಲಿ ಅದಕ್ಕೆ "ಕ್ಕೇ" ಸಾಕು.

"ಬಗೆಬಗೆಯಾಗಿ ಕುಕ್ಕಿದ್ದಕ್ಕೇ ಕಾಳು ಕೊಟ್ಟರೆ, ಹಕ್ಕಿ ಬಗೆಬಗೆಯಾಗಿಯೇ ಕುಕ್ಕುತ್ತದೆ." ದೊಡ್ಡಕ್ಷರದಲ್ಲಿ ಇದನ್ನು ಹಾಕಿ.

ಕೆಳಗೆ ಚಿಕ್ಕದಾಗಿ ಪದ ಬೇಕೇಬೇಕು ಅಂದ್ರೆ, ರೀಇನ್‌ಫೋರ್ಸ್‌ಮೆಂಟ್‌ಗೆ ಹುರಿಗೊಳಿಕೆ. ಎಳೆ ಹೊಸೆದರೆ ಹುರಿ, ಹುರಿಯಾದರೆ ಬಲ. ತಮಿಳಿನಲ್ಲಿ ಹಗ್ಗದ ಎಳೆ ಈಗಲೂ ಪುರಿಯೇ. ಹುರಿಗಡಲೆ ನೆನಪಾಗುತ್ತೆ ಅಂದವರೇ, ಅದು ಬೇರೆ ಹುರಿ. ಹುರಿದುಂಬಿಸು ಅಂದಾಗ ಯಾರಿಗೂ ಕಡಲೆ ನೆನಪಾಗುವುದಿಲ್ಲ. ಅದಕ್ಕೆ ಪುನರ್ಬಲನ ಅಂತ ಪಠ್ಯದಲ್ಲಿದೆ ಅಂತೀರಿ. ಇರಲಿ. ಪೋಸ್ಟರ್ ಮುಂದೆ ನಿಂತವರಿಗೆ ಅದರಿಂದ ಏನೂ ಹೊಳೆಯುವುದಿಲ್ಲ.

ಇನ್ನು ವೇರಿಯಬಿಲಿಟಿಗೆ ತರಹೇವಾರಿ ಬೇಡ, ಅದು ಹೊರಗಿನ ಮಾತು ಅಂದವರು ಒಂದು ದಿನ "ಆ ತರಹ, ಈ ತರಹ" ಅನ್ನದೆ ಮಾತಾಡಿ ನೋಡಲಿ. ಎಲ್ಲಿಂದ ಬಂತು ಅನ್ನುವುದು ನನಗೆ ಲೆಕ್ಕಕ್ಕಿಲ್ಲ. ಬಾಯಲ್ಲಿ ಆಡುತ್ತದೋ ಇಲ್ಲವೋ ಅಷ್ಟೇ. ವೈವಿಧ್ಯ ಸಂಸ್ಕೃತ ಅಂತ ಅದನ್ನೂ ಹೊರಗೆ ಹಾಕಬೇಡಿ. ಜಾಗ ಕಡಿಮೆ ಇದ್ದರೆ ಅದೇ ಸಾಕು.

ಡಾಲ್ಫಿನ್ ಚಿತ್ರದ ಕೆಳಗೆ ಮಾತ್ರ ಬಗೆಬಗೆ, ವೈವಿಧ್ಯ ಎರಡೂ ಬೇಡ. "ಹೊಸದು" ಅಂತಲೇ ಬರೆಯಿರಿ. ಪಾರಿವಾಳ 50 ಸಾಲು ದಾಟಿದ ಮೇಲೆ ಹಳೆಯದನ್ನೇ ಕುಕ್ಕಿದರೂ ಕಾಳು ಸಿಗುತ್ತಿತ್ತು. ಹವಾಯಿಯಲ್ಲಿ ಡಾಲ್ಫಿನ್ ತರಬೇತುದಾರೆ ಕ್ಯಾರೆನ್ ಪ್ರಯರ್ ತಂಡ ಮಾಡಿ 1969ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಆ ಸಡಿಲ ಇರಲಿಲ್ಲ. ಅದುವರೆಗೆ ಡಾಲ್ಫಿನ್ ತೋರಿಸಿರದ ಚಲನೆಗೇ ಮೀನು.