ಕೆಆರ್‌ಎಸ್ ಮಟ್ಟದ ಚಾರ್ಟ್‌ನಲ್ಲಿ 124.80 ಅಡಿಯ ಗೆರೆ ಬರುತ್ತಿಲ್ಲ (ಚಾರ್ಟ್.ಜೆಎಸ್ 4)

ನಾಲೆಬಯಲು:
ನಮ್ಮದು ಮಂಡ್ಯ ಕಡೆ, ವಿ.ಸಿ. ನಾಲೆ ನೀರನ್ನೇ ನಂಬಿದ ಊರು. ಅಪ್ಪನಿಗೂ ಊರಿನವರಿಗೂ ಮೊಬೈಲ್‌ನಲ್ಲಿ ನೋಡಲು ಸುಲಭವಾಗಲಿ ಅಂತ ವೆಬ್ ಪುಟದಲ್ಲಿ ಗ್ರಾಫ್ ಬಿಡಿಸುವ ಚಾರ್ಟ್.ಜೆಎಸ್ ಅನ್ನುವ ಕೋಡ್ ಲೈಬ್ರರಿ ಬಳಸಿ ಕೆಆರ್‌ಎಸ್ ನೀರಿನ ಮಟ್ಟ ತೋರಿಸುವ ಪುಟ ಮಾಡಿದ್ದೇನೆ. ಅಣೆಕಟ್ಟೆ ತುಂಬಲು ಇನ್ನೆಷ್ಟು ಬಾಕಿ ಅಂತ ಒಂದೇ ನೋಟಕ್ಕೆ ತಿಳಿಯಬೇಕು, ಅದಕ್ಕೆ ಗರಿಷ್ಠ ಮಟ್ಟ 124.80 ಅಡಿಗೆ ಕೆಂಪು ಅಡ್ಡಗೆರೆ ಬೇಕು. ಮೊದಲು ಎರಡನೇ ಡೇಟಾಸೆಟ್ (ಅಂಕಿಗಳ ಸಾಲು) ಮಾಡಿ ಎಲ್ಲಾ ದಿನಕ್ಕೂ 124.80 ತುಂಬಿದೆ. ಗೆರೆ ಬಂತು, ಆದರೆ ಬೆರಳಿಟ್ಟ ಕಡೆಯೆಲ್ಲ ಟೂಲ್‌ಟಿಪ್‌ನಲ್ಲಿ (ಮೂಡುವ ಪುಟ್ಟ ಚೌಕದಲ್ಲಿ) ಅದೇ ಅಂಕಿ, ಲೆಜೆಂಡ್ (ಗೆರೆಗಳ ಹೆಸರಿನ ಪಟ್ಟಿ) ಮುಟ್ಟಿದರೆ ಗೆರೆಯೇ ಮಾಯ. ಆಮೇಲೆ ಚಾರ್ಟ್ ಮೇಲೆ ಗೆರೆ, ಗುರುತು ಹಾಕುವ ಆನೊಟೇಶನ್ ಪ್ಲಗಿನ್ (ಜೋಡಿಸುವ ಹೆಚ್ಚುವರಿ ಕೋಡ್) ಹಾಕಿ ನೆಟ್‌ನಲ್ಲಿ ಸಿಕ್ಕ ಕೋಡ್ ಅಂಟಿಸಿದೆ. ಎರರ್ ಇಲ್ಲ, ಗೆರೆಯೂ ಇಲ್ಲ. ಎರಡು ದಿನದಿಂದ ಇದೇ ಆಗಿದೆ.

ಕೋಡ್‌ಕಟ್ಟೆ:
ನಿಮಗೆ ಸಿಕ್ಕಿರುವುದು ಚಾರ್ಟ್.ಜೆಎಸ್ 2ರ ಕಾಲದ ಕೋಡ್ ಇರಬೇಕು. ಆಗ ಆನೊಟೇಶನ್ ಅನ್ನು ನೇರವಾಗಿ ಆಪ್ಷನ್ಸ್ (ಚಾರ್ಟ್‌ನ ಸೆಟ್ಟಿಂಗ್ಸ್) ಒಳಗೆ ಬರೆಯುತ್ತಿದ್ದರು, ಈಗ ಆಪ್ಷನ್ಸ್ ಒಳಗೆ ಪ್ಲಗಿನ್ಸ್, ಅದರ ಒಳಗೆ ಆನೊಟೇಶನ್ ಬರಬೇಕು. ಜಾಗ ತಪ್ಪಿದರೆ ಚಾರ್ಟ್ ಏನೂ ಹೇಳುವುದಿಲ್ಲ, ಸುಮ್ನೆ ಬಿಟ್ಟುಬಿಡುತ್ತದೆ. ಇಂಪೋರ್ಟ್ ಮಾಡಿ ಬಳಸುತ್ತಿದ್ದರೆ ಪ್ಲಗಿನ್ ಅನ್ನು ಚಾರ್ಟ್.ರಿಜಿಸ್ಟರ್‌ಗೆ ಕೊಡುವುದನ್ನೂ ಮರೆಯಬೇಡಿ. ಟೈಪ್ 'ಲೈನ್', ವೈಮಿನ್ ಮತ್ತು ವೈಮ್ಯಾಕ್ಸ್ ಎರಡಕ್ಕೂ 124.80 ಕೊಟ್ಟರೆ ಅಡ್ಡಗೆರೆ ಸಿಗುತ್ತದೆ. ಲೇಬಲ್‌ಗೆ ಹಳೆಯ 'ಎನೇಬಲ್ಡ್' ಹೋಗಿ 'ಡಿಸ್‌ಪ್ಲೇ' ಬಂದಿದೆ, ಅದೂ ಒಮ್ಮೆ ನನಗೆ ಅರ್ಧ ದಿನ ತಿಂದಿತ್ತು.

ಹಾಸನದಕಡೆಯವ:
ಗೆರೆ ಬಂದಮೇಲೂ ಒಂದು ವಿಷಯ ನೋಡಿಕೊಳ್ಳಿ. ಬೇಸಿಗೆಯಲ್ಲಿ ಮಟ್ಟ 90 ಅಡಿ ಹತ್ತಿರ ಇದ್ದರೆ ಅಕ್ಷವೂ ಅಲ್ಲೇ ಆಸುಪಾಸಿನಲ್ಲಿ ನಿಲ್ಲುತ್ತದೆ, 124.80 ಚಾರ್ಟ್‌ನ ಹೊರಗೆ ಉಳಿಯಬಹುದು. ಆದರೆ ಈ ಪ್ಲಗಿನ್ ತಾನೇ ಅಕ್ಷವನ್ನು ಮೇಲಕ್ಕೆ ಹಿಗ್ಗಿಸುತ್ತದೆ, ಹಾಗಾಗಿ ನಿಮಗೆ ತೊಂದರೆ ಇಲ್ಲ. ಹೈಚಾರ್ಟ್ಸ್ ಅನ್ನುವ ಇನ್ನೊಂದು ಲೈಬ್ರರಿಯ ಪ್ಲಾಟ್‌ಲೈನ್ಸ್ (ಅಡ್ಡಗೆರೆ) ಹಾಗೆ ಮಾಡುವುದಿಲ್ಲ, ಅಲ್ಲಿ ಅಕ್ಷದ ಮೇಲ್ಮಿತಿಗೆ ಸಾಫ್ಟ್‌ಮ್ಯಾಕ್ಸ್ 130 ಅಂತ ನಾವೇ ಕೊಡಬೇಕು. ಮತ್ತೆ ಕೆಂಪು ಬಣ್ಣ ಒಂದನ್ನೇ ನಂಬಬೇಡಿ, ಕೆಂಪು ಹಸಿರು ಬೇರೆಬೇರೆ ಕಾಣದವರೂ ನೋಡುತ್ತಾರೆ ಅಲ್ವಾ? ತುಂಡು ಗೆರೆ ಮಾಡಿ, ಗೆರೆಯ ಮೇಲೇ 'ಪೂರ್ಣ ಮಟ್ಟ 124.80' ಅಂತ ಬರೆಯಿರಿ.

ನಾಲೆಬಯಲು:
ಬಂತು! ಪ್ಲಗಿನ್ಸ್ ಒಳಗೆ ಹಾಕಿದ ತಕ್ಷಣ ಬಂತು, ತುಂಬಾ ಥ್ಯಾಂಕ್ಸ್. ಇದೇ ಚಾರ್ಟ್‌ಗೆ ಕಬಿನಿಯನ್ನೂ ಸೇರಿಸಿ 2284 ಅಡಿಗೆ ಇನ್ನೊಂದು ಗೆರೆ ಹಾಕಬಹುದಾ?

ಕೋಡ್‌ಕಟ್ಟೆ:
ದಯವಿಟ್ಟು ಬೇಡ. ಕಬಿನಿಯ 2284 ಸಮುದ್ರ ಮಟ್ಟದಿಂದ ಅಳೆದ ಲೆಕ್ಕ, ಕೆಆರ್‌ಎಸ್‌ನ 124.80 ಹಾಗಲ್ಲ. ಒಂದೇ ಅಕ್ಷದಲ್ಲಿ ಇಟ್ಟರೆ ಎರಡು ಗೆರೆಯೂ ಚಪ್ಪಟೆಯಾಗಿ ಏರಿಳಿತವೇ ಕಾಣುವುದಿಲ್ಲ. ಎರಡು ಚಾರ್ಟ್ ಮಾಡಿ, ಒಂದೊಂದಕ್ಕೂ ಅದರದೇ ಗೆರೆ. ಇನ್ನೊಂದು ಮಾತು, ಅಡಿ ನೋಡಿ ನೀರು ಎಷ್ಟಿದೆ ಅಂತ ಅಂದಾಜು ಮಾಡುವವರು ಜಾಸ್ತಿ. ಅಣೆಕಟ್ಟೆ ಮೇಲೆ ಹೋದಂತೆ ಅಗಲವಾಗುತ್ತದೆ, ಅದಕ್ಕೆ 100 ಅಡಿ ಇದ್ದಾಗಲೂ ಒಟ್ಟು 49.45 ಟಿಎಂಸಿಯಲ್ಲಿ (ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಅರ್ಧದಷ್ಟು ನೀರೂ ಇರುವುದಿಲ್ಲ. ಟಿಎಂಸಿಗೂ ಒಂದು ಚಾರ್ಟ್ ಇದ್ದರೆ ನಾಟಿ ಬಗ್ಗೆ ಯೋಚಿಸುವವರಿಗೆ ನಿಜವಾದ ಉಪಯೋಗ.

ನಾಲೆಬಯಲು:
ಇದು ನನಗೆ ಹೊಳೆದೇ ಇರಲಿಲ್ಲ. ಊರಲ್ಲಿ ಎಲ್ಲರೂ ಮಾತಾಡುವುದು ಅಡಿ ಲೆಕ್ಕದಲ್ಲೇ, ಅದಕ್ಕೆ ಅಡಿ ಚಾರ್ಟ್ ಮೇಲೆ ಇರಲಿ, ಅದರ ಕೆಳಗೇ ಟಿಎಂಸಿ ಚಾರ್ಟ್ ಹಾಕಿ 49.45ಕ್ಕೆ ಗೆರೆ ಎಳೆಯುತ್ತೇನೆ. ಇವತ್ತು ರಾತ್ರಿಯೇ ಕೂರುತ್ತೇನೆ.